ಗೇಮ್ ಆಡೋರನ್ನ ಮಾತ್ರ ಯಾಕೆ ಕೇಳ್ತಾರೆ?

ಊರಲ್ಲಿರುವ ಅಣ್ಣನಿಗೆ, ಇಲ್ಲಿ ಇಂಗ್ಲೆಂಡಿನಲ್ಲಿ ಓದುವ ನನ್ನ ಮಗಳೆಂದರೆ ಪ್ರಾಣ. ಅದಕ್ಕೇ ಇರಬೇಕು, ಅವನ ಮಾತು ಅವಳಿಗೆ ಅಷ್ಟು ನಾಟಿತು. ಭಾನುವಾರ ವಿಡಿಯೊ ಕಾಲ್‌ನಲ್ಲಿ "ಈ ವರ್ಷ ಏನೇನು ಪಾಠ ಪುಟ್ಟೀ?" ಅಂತ ಕೇಳಿದ. ಮೀಡಿಯಾ ಸ್ಟಡೀಸ್‌ನಲ್ಲಿ ಪೇಪರ್ ಓದುವವರ ಬಗ್ಗೆ, ವಿಡಿಯೊ ಗೇಮ್ ಆಡುವವರ ಬಗ್ಗೆ ಓದುತ್ತಿದ್ದೇವೆ ಅಂದಳು. ಅಣ್ಣ ಜೋರಾಗಿ ನಕ್ಕ. "ಗೇಮ್ ಆಡೋದನ್ನೂ ಕಾಲೇಜಲ್ಲಿ ಹೇಳಿಕೊಡ್ತಾರಾ? ಇಲ್ಲಿ ನನ್ನ ಮಗ ಫೀಸೇ ಕಟ್ಟದೆ ಕಲಿತಿದ್ದಾನೆ!" ಹಿಂದಿನಿಂದ ಅತ್ತಿಗೆ ನಕ್ಕಿದ್ದೂ ಕೇಳಿಸಿತು.

ಮಗಳು ಆಗ ಏನೂ ಹೇಳಲಿಲ್ಲ. ರಾತ್ರಿ ಪಾತ್ರೆ ಒರೆಸುತ್ತಾ ಕೇಳಿದಳು: "ಅಮ್ಮ, ಮಾವ ದಿನಾ ಸಂಜೆಯಿಂದ ಮಲಗೋವರೆಗೂ ನ್ಯೂಸ್ ಚಾನೆಲ್ ನೋಡ್ತಾರೆ. ಯಾಕೆ ನೋಡ್ತೀರಿ ಅಂತ ಅವರನ್ನ ಯಾರೂ ಕೇಳಲ್ಲ. ಗೇಮ್ ಆಡೋರನ್ನ ಮಾತ್ರ ಯಾಕೆ ಕೇಳ್ತಾರೆ?"

ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ನಾವು ಬೆಳೆದ ಮನೆಯಲ್ಲಿ ಪೇಪರ್ ಓದುವುದೆಂದರೆ ಒಳ್ಳೆಯ ಮಕ್ಕಳ ಲಕ್ಷಣ. ಶಾಲೆಯಲ್ಲಿ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮುಖ್ಯಾಂಶ ಓದುವ ಸರದಿ ಬಂದರೆ ಹಿಂದಿನ ದಿನವೇ ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟುಕೊಳ್ಳುತ್ತಿದ್ದೆ. ಗಟ್ಟಿಯಾಗಿ, ತಪ್ಪಿಲ್ಲದೆ ಓದಿದರೆ ಮೇಷ್ಟ್ರಿಗೆ ಖುಷಿ. ಆದರೆ ಈ ಸುದ್ದಿಯನ್ನು ಯಾರು ಬರೆದರು, ಯಾರು ಓದಲಿ ಅಂತ ಬರೆದರು, ಇದೇ ಯಾಕೆ ಮೊದಲ ಪುಟಕ್ಕೆ ಬಂತು ಅಂತ ಒಬ್ಬರೂ ಕೇಳಿದ್ದಿಲ್ಲ. ಪಿಯುಸಿಗೆ ಬಂದ ಮೇಲಂತೂ ಪಿಸಿಎಂಬಿ ಬಿಟ್ಟು ಬೇರೆ ಲೋಕವೇ ಇರಲಿಲ್ಲ.

ಮಗಳ ಪಾಠ ಶುರುವಾಗುವುದೇ ಆ ಪ್ರಶ್ನೆಗಳಿಂದ. ಇಂಗ್ಲೆಂಡಿನಲ್ಲಿ ಎ ಲೆವೆಲ್, ಅಂದರೆ ನಮ್ಮ ಪಿಯುಸಿಯಂಥ ಪರೀಕ್ಷೆ ನಡೆಸುವ ಮಂಡಳಿಗಳು ಹಲವಿವೆ. ಅವಳದು ಓಸಿಆರ್ ಮಂಡಳಿ. ಅದರಲ್ಲಿ ಸುದ್ದಿಗೆ ಎರಡು ಪತ್ರಿಕೆ, ಗಾರ್ಡಿಯನ್ ಮತ್ತು ಡೈಲಿ ಮೇಲ್. ಗೇಮ್‌ಗೆ ಮೈನ್‌ಕ್ರಾಫ್ಟ್, ಚೌಕ ಚೌಕ ಇಟ್ಟಿಗೆಯಿಂದ ಬೇಕಾದ್ದನ್ನು ಕಟ್ಟುವ ಆಟ. ಗಾರ್ಡಿಯನ್ ಹುಟ್ಟಿದ್ದು ನಾವಿರುವ ಮ್ಯಾಂಚೆಸ್ಟರಿನಲ್ಲೇ, 1821ರಲ್ಲಿ. ಆಗ ಅದು ವಾರಪತ್ರಿಕೆ. ಈಗ ಒಡೆತನ ಒಂದು ಟ್ರಸ್ಟಿನದು, ರಾಜಕೀಯ ಒಲವು ಎಡಕ್ಕೆ. ಡೈಲಿ ಮೇಲ್ 1896ರದ್ದು, ಬಲಕ್ಕೆ ವಾಲಿದ್ದು. ಒಂದು ದಿನ ಇವೆರಡರ ಅದೇ ತಾರೀಖಿನ ಮೊದಲ ಪುಟಗಳನ್ನು ಊಟದ ಮೇಜಿನ ಮೇಲೆ ಪಕ್ಕಪಕ್ಕ ಹರಡಿದಳು. ಎರಡರಲ್ಲೂ ವಲಸೆ ಬಂದವರ ಸುದ್ದಿ. ಒಂದರಲ್ಲಿ ದೊಡ್ಡಕ್ಷರದ ಅಂಕಿಸಂಖ್ಯೆ, ಇನ್ನೊಂದರಲ್ಲಿ ಒಬ್ಬ ಹೆಂಗಸಿನ ಮುಖ. "ನೀನು ಇದರೊಳಗಿದ್ದೀಯಾ ಅಮ್ಮ? ಇದ್ದರೆ ಎಲ್ಲಿದ್ದೀಯಾ?" ಅಂತ ಕೇಳಿದಳು. ವೀಸಾ ಕ್ಯೂನಲ್ಲಿ ನಿಂತು ಈ ದೇಶಕ್ಕೆ ಬಂದವಳು ನಾನು. ಎರಡೂ ಪುಟಗಳನ್ನು ಬಹಳ ಹೊತ್ತು ನೋಡುತ್ತಾ ನಿಂತೆ.

ಈ ಪಾಠದಲ್ಲಿ ನನಗೆ ತುಂಬಾ ಹಿಡಿಸಿದ್ದು ಸ್ಟುವರ್ಟ್ ಹಾಲ್ ಎಂಬ ವಿದ್ವಾಂಸರು. ಜಮೈಕಾದಲ್ಲಿ ಹುಟ್ಟಿ 1951ರಲ್ಲಿ ಓದಲು ಇಂಗ್ಲೆಂಡಿಗೆ ಬಂದು, ಇಲ್ಲೇ ಉಳಿದವರು. ಹೇಳುವವನು ಒಂದು ಅರ್ಥ ಇಟ್ಟು ಹೇಳುತ್ತಾನೆ, ಕೇಳುವವನು ಅದನ್ನೇ ತಗೊಳ್ಳಬೇಕು ಅಂತೇನಿಲ್ಲ ಎಂದು 1973ರಲ್ಲಿ ಬರೆದರು. ಕೆಲವರು ಹಾಗೇ ಒಪ್ಪುತ್ತಾರೆ. ಕೆಲವರು ಸ್ವಲ್ಪ ಒಪ್ಪಿ, ಉಳಿದದ್ದನ್ನು ತಮ್ಮ ಬದುಕಿಗೆ ಹೊಂದಿಸಿಕೊಳ್ಳುತ್ತಾರೆ. ಇನ್ನು ಕೆಲವರು ಪೂರ್ತಿ ತಿರುಗಿಬೀಳುತ್ತಾರೆ. ಹೊರಗಿನಿಂದ ಬಂದವರೊಬ್ಬರು ಈ ದೇಶದ ಟೀವಿ ನೋಡಿ, ಈ ದೇಶದವರಿಗೇ ನೋಡುವುದನ್ನು ಹೇಳಿಕೊಟ್ಟರು ಅನ್ನುವುದು ನನಗೆ ಹೆಮ್ಮೆಯ ಸಂಗತಿ.

ಮೈನ್‌ಕ್ರಾಫ್ಟ್ ಬಗ್ಗೆ ಉದ್ಯಮದ ಲೆಕ್ಕವೂ ಇದೆ. ಸ್ವೀಡನ್ನಿನ ಒಬ್ಬ ಮನುಷ್ಯ 2009ರಲ್ಲಿ ಶುರು ಮಾಡಿದ ಆಟ. ಅದನ್ನು ಮಾಡಿದ ಕಂಪನಿಯನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಕೊಂಡಿತು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿವೆ. ಆದರೆ ಕ್ಲಾಸಿನಲ್ಲಿ ಹೆಚ್ಚು ಹೊತ್ತು ಚರ್ಚೆಯಾಗುವುದು ಆಡುವವರ ಬಗ್ಗೆ. ಇದರಲ್ಲಿ ಹೀಗೇ ಆಡಬೇಕು ಅಂತ ಕಟ್ಟುಪಾಡಿಲ್ಲ. ಮನೆ ಕಟ್ಟುವ ಹುಡುಗಿಗೆ ಅದು ಮನೆ ಕಟ್ಟುವ ಆಟ, ಗುಹೆ ಅಗೆಯುವ ಹುಡುಗನಿಗೆ ಅಗೆಯುವ ಆಟ. ಆಡಿದ್ದನ್ನು ವಿಡಿಯೊ ಮಾಡಿ ಹಾಕಿದರೆ ಅವರಿಗೆ ಬೇರೆ ನೋಡುಗರು ಹುಟ್ಟಿಕೊಳ್ಳುತ್ತಾರೆ.

ಮನೆಯಲ್ಲಿ ಯಾರಾದರೂ ಇಬ್ಬರನ್ನು ಸಂದರ್ಶನ ಮಾಡಿ ಬನ್ನಿ ಅಂತ ಟೀಚರ್ ಹೇಳಿದ್ದರು. ನಗು ಕೇಳಿಸಿಕೊಂಡಿದ್ದರೂ ಮಗಳು ಆರಿಸಿಕೊಂಡಿದ್ದು ಮಾವನನ್ನು ಮತ್ತು ಮಾವನ ಮಗನನ್ನು. ಜನ ಮಾಧ್ಯಮವನ್ನು ಯಾವ್ಯಾವ ಅಗತ್ಯಕ್ಕೆ ಬಳಸುತ್ತಾರೆ ಅಂತ ಬ್ಲಮ್ಲರ್ ಮತ್ತು ಕಾಟ್ಜ್ ಎಂಬ ಇಬ್ಬರು ವಿದ್ವಾಂಸರು ವಿಚಾರ ಮಾಡಿದ್ದಾರೆ. ವಿಷಯ ತಿಳಿಯಲು, ಜನರ ಒಡನಾಟಕ್ಕೆ, ನಾನು ಯಾರು ಅಂತ ಕಂಡುಕೊಳ್ಳಲು, ಸುಮ್ನೆ ಬೇಜಾರು ಕಳೆಯಲು. ಪ್ರಶ್ನೆಗಳೆಲ್ಲ ಅದರ ಮೇಲೇ.

ಅಣ್ಣನ ಮಗ ಹತ್ತನೇ ಕ್ಲಾಸು. ಮೊಬೈಲಿನಲ್ಲಿ ಬಿಜಿಎಂಐ ಆಡುತ್ತಾನೆ, ಪಬ್ಜಿ ಎಂಬ ಗುಂಡು ಹಾರಿಸುವ ಆಟದ ಭಾರತದ ಆವೃತ್ತಿ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಅವನಿನ್ನೂ ಚಿಕ್ಕವನು. ಕೊರೊನಾ ಕಾಲ, ಶಾಲೆ ಮುಚ್ಚಿತ್ತು. ಮೊಬೈಲ್ ಹಿಡಿದು ಅತ್ತಿದ್ದನ್ನು ಅತ್ತಿಗೆ ಆಗ ಹೇಳಿದ್ದರು. ಯಾಕೆ ಆಡ್ತೀಯಾ ಅಂತ ಮಗಳು ಕೇಳಿದಳು. ಮೊದಲು ಸುಮ್ಮನೆ ಭುಜ ಕುಣಿಸಿದ. ಆಮೇಲೆ ಒಂದೊಂದೇ ಮಾತು ಬಂತು. ಅವನ ಗೆಳೆಯನ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗ ಆಗಿದೆ. ಇನ್ನೊಬ್ಬ ಬೆಂಗಳೂರಿನ ಹಾಸ್ಟೆಲ್ ಸೇರಿದ್ದಾನೆ. ಮೂವರೂ ಸೇರುವುದು ಆಟದಲ್ಲಿ ಮಾತ್ರ. ಹೆಡ್‌ಫೋನ್ ಹಾಕಿಕೊಂಡು ಆಟಕ್ಕಿಂತ ಬೇರೆ ಮಾತೇ ಜಾಸ್ತಿ. ಕೊನೆಗೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ: "ಅಲ್ಲಿ ಯಾರೂ ಎಷ್ಟು ಮಾರ್ಕ್ಸ್ ಬಂತು ಅಂತ ಕೇಳಲ್ಲ."

ಹತ್ತನೇ ಕ್ಲಾಸು ಅಂದರೆ ನಮ್ಮ ಕಡೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಅಂಗಡಿಯವನೂ ಕೇಳುತ್ತಾನೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಆ ಹುಡುಗನಿಗೆ ಆ ಪ್ರಶ್ನೆ ಇಲ್ಲದ ಒಂದು ಜಾಗ ಬೇಕಿತ್ತು. ಜಾಸ್ತಿ ಆಡಿದರೆ ಕಣ್ಣು, ನಿದ್ದೆ, ಓದು ಎಲ್ಲ ಹಾಳು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮಗನ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು, ಅವನು ಅದರಲ್ಲಿ ಏನು ಹುಡುಕುತ್ತಿದ್ದಾನೆ ಅಂತ ಕೇಳಿದವರು ಎಷ್ಟು ಜನ?

ಅಣ್ಣನ ಉತ್ತರ ಚಿಕ್ಕದು. "ಏನಾಗ್ತಿದೆ ಅಂತ ಗೊತ್ತಿರಬೇಕಲ್ಲಮ್ಮ." ನ್ಯೂಸ್ ನೋಡಿದ ಮೇಲೆ ಹೇಗನ್ನಿಸುತ್ತೆ ಮಾವ ಅಂತ ಕೇಳಿದಳು. ಅಣ್ಣ ಸ್ವಲ್ಪ ಹೊತ್ತು ಯೋಚಿಸಿದ. "ಭಯ ಆಗುತ್ತೆ" ಅಂದ. ಅವನ ಬಾಯಲ್ಲಿ ಆ ಮಾತನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಜಾರ್ಜ್ ಗರ್ಬ್ನರ್ ಎಂಬ ವಿದ್ವಾಂಸರು ಅಮೆರಿಕದಲ್ಲಿ ವರ್ಷಗಟ್ಟಲೆ ಟೀವಿ ನೋಡುವವರನ್ನು ಗಮನಿಸಿ ಇದನ್ನೇ ಹೇಳಿದ್ದರು. ಟೀವಿ ಜಾಸ್ತಿ ನೋಡಿದಷ್ಟೂ ಲೋಕ ಇರುವುದಕ್ಕಿಂತ ಹೆಚ್ಚು ಕ್ರೂರವಾಗಿ ಕಾಣುತ್ತೆ ಅಂತ. ಆಟ ಆಡಿ ಮಕ್ಕಳು ಕೆಡುತ್ತಾರೆ ಅಂತ ನಾವು ಸದಾ ಮಾತಾಡುತ್ತೇವೆ. ಸುದ್ದಿ ನೋಡಿ ನೋಡಿ ದೊಡ್ಡವರು ಹೆದರಿಕೊಳ್ಳುವುದರ ಬಗ್ಗೆ ಮಾತೇ ಇಲ್ಲ.

ಹೆದರಿಕೆ ಎಲ್ಲಿಗೆ ಮುಟ್ಟುತ್ತೆ ಅಂತ 2024ರಲ್ಲಿ ಇಲ್ಲಿ ಕಂಡೆವು. ಜುಲೈ 29ರಂದು ಸೌತ್‌ಪೋರ್ಟ್ ಎಂಬ ಊರಿನಲ್ಲಿ ಡಾನ್ಸ್ ಕ್ಲಾಸಿಗೆ ಬಂದಿದ್ದ ಮೂವರು ಪುಟ್ಟ ಹುಡುಗಿಯರನ್ನು ಒಬ್ಬ ಚೂರಿಯಿಂದ ಇರಿದು ಕೊಂದ. ಅವನು ದೋಣಿಯಲ್ಲಿ ಬಂದ ವಲಸಿಗ ಅಂತ ಸುಳ್ಳು ಸುದ್ದಿ ಹಬ್ಬಿತು. ಅವನು ಹುಟ್ಟಿದ್ದು ಬ್ರಿಟನ್ನಿನದೇ ಆದ ಕಾರ್ಡಿಫ್‌ನಲ್ಲಿ. ಮರುದಿನವೇ ಆ ಊರಿನ ಮಸೀದಿಯ ಮೇಲೆ ದಾಳಿ ಆಯಿತು. ಆ ವಾರಾಂತ್ಯ ರಾದರಮ್‌ನಲ್ಲಿ ಆಶ್ರಯ ಕೇಳಿ ಬಂದವರು ಇದ್ದ ಹೋಟೆಲಿಗೆ ಗಲಭೆಕೋರರು ನುಗ್ಗಿದರು. ನಮ್ಮ ಬಣ್ಣದವರೆಲ್ಲ ಆಗ ಹೊರಗೆ ಹೋಗುವ ಮೊದಲು ಎರಡು ಸಲ ಯೋಚಿಸುತ್ತಿದ್ದೆವು. ಅಣ್ಣ ಊರಿಂದ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದ.

ಇದನ್ನು ಕಂಡು ಇಲ್ಲಿಯವರನ್ನು ಮಾತ್ರ ಬೈಯಲು ನನಗೆ ಮನಸ್ಸು ಬರುವುದಿಲ್ಲ. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು? ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಓಡಿತು. ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವಕ ಸತ್ತೇಹೋದ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಯಾರು ಕಳಿಸಿದ್ದು, ನನಗೆ ಯಾಕೆ ಬಂತು ಅಂತ ಕೇಳುವ ಅಭ್ಯಾಸ ಶಾಲೆಯಲ್ಲೇ ಆಗಿದ್ದರೆ ಆ ಸಂಜೆ ಗುಂಪಿನಲ್ಲಿ ನಾಲ್ಕು ಜನವಾದರೂ ಕೈ ತಡೆಯುತ್ತಿದ್ದರೇನೋ. ಇದು ಪರೀಕ್ಷೆಗೆ ಓದುವ ಒಂದು ಸಬ್ಜೆಕ್ಟ್ ಅಷ್ಟೇ ಅಂತ ನನಗೆ ಈಗ ಅನ್ನಿಸುವುದಿಲ್ಲ.

ಸುದ್ದಿ ಮತ್ತು ಆಟ ಒಂದೇ ಕಡೆ ಸೇರಿದ್ದನ್ನೂ ಮಗಳೇ ತೋರಿಸಿದಳು. ಪತ್ರಕರ್ತರ ಪರವಾಗಿ ಕೆಲಸ ಮಾಡುವ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ 2020ರ ಮಾರ್ಚಿನಲ್ಲಿ ಮೈನ್‌ಕ್ರಾಫ್ಟ್ ಒಳಗೇ ಒಂದು ಗ್ರಂಥಾಲಯ ಕಟ್ಟಿಸಿತು. ಸರ್ಕಾರಗಳು ವೆಬ್‌ಸೈಟ್ ಮುಚ್ಚಿಸುತ್ತವೆ, ಆದರೆ ಎಷ್ಟೋ ಕಡೆ ಮೈನ್‌ಕ್ರಾಫ್ಟ್ ಆಡಲು ಅಡ್ಡಿಯಿಲ್ಲ. ಹಾಗಾಗಿ ನಿಷೇಧಿತ ಬರಹಗಳನ್ನು ಆಟದೊಳಗಿನ ಪುಸ್ತಕಗಳಾಗಿ ಅಲ್ಲಿ ಇಟ್ಟರು. ದೊಡ್ಡ ಗುಮ್ಮಟ, ಸಾಲು ಕಂಬ, ಎಲ್ಲ ಚೌಕ ಚೌಕ ಇಟ್ಟಿಗೆಯದು. ಈಜಿಪ್ಟ್, ರಷ್ಯಾ, ವಿಯೆಟ್ನಾಂ, ಸೌದಿ ಅರೇಬಿಯಾ, ಮೆಕ್ಸಿಕೊ, ಒಂದೊಂದು ದೇಶಕ್ಕೆ ಒಂದೊಂದು ಕೋಣೆ. ಮಗಳು ಸೌದಿ ಕೋಣೆಗೆ ನಡೆದು ಒಂದು ಪುಸ್ತಕ ತೆರೆದಳು. 2018ರಲ್ಲಿ ಇಸ್ತಾಂಬುಲ್‌ನಲ್ಲಿ ಕೊಲೆಯಾದ ಸೌದಿ ಪತ್ರಕರ್ತ ಜಮಾಲ್ ಖಶೋಗಿಯವರ ಲೇಖನ. ಪುಟ ತಿರುಗಿಸಿ ತಿರುಗಿಸಿ ಓದಿದೆ. ಮೆಕ್ಸಿಕೊ ಕೋಣೆಯಲ್ಲಿ ಕೊಲೆಯಾದ ಪತ್ರಕರ್ತರ ನೆನಪಿನ ಗುರುತುಗಳಿವೆ. ಅಲ್ಲಿ ನಿಂತಾಗ ನನಗೆ 2017ರ ಸೆಪ್ಟೆಂಬರ್ 5, ಬೆಂಗಳೂರಿನಲ್ಲಿ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದ ಗೌರಿ ಲಂಕೇಶ್ ನೆನಪಾದರು. ಅವರ ಬಗ್ಗೆ ಮಗಳಿಗೆ ಆವತ್ತು ಮೊದಲ ಸಲ ಹೇಳಿದೆ.

ಇಷ್ಟೆಲ್ಲ ಆದ ಮೇಲೆ ನಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲು ಬಹಳ ನೆನಪಾಗುತ್ತಿದೆ. ಸಾಗರದ ಕಡೆಯಿಂದ ಬರುವ ಬಸ್ಸಿನ ಮೇಲಿಂದ ಪೇಪರ್ ಕಟ್ಟು ಕೆಳಗೆ ಬೀಳುತ್ತಿತ್ತು. ಹೋಟೆಲಿಗೆ ಬರುತ್ತಿದ್ದದ್ದು ಒಂದೇ ಪ್ರತಿ. ಅದನ್ನು ಹಾಳೆ ಹಾಳೆ ಬಿಡಿಸಿ ಹಂಚಿಕೊಳ್ಳುತ್ತಿದ್ದರು. ಅಡಿಕೆ ಧಾರಣೆ ಇದ್ದ ಹಾಳೆಗೆ ಯಾವಾಗಲೂ ಪಾಳಿ. ಒಬ್ಬರು ಗಟ್ಟಿಯಾಗಿ ಓದಿದರೆ ಅಡುಗೆಮನೆಯಿಂದ ಭಟ್ಟರು "ಅದೆಲ್ಲ ಸುಳ್ಳು, ಅಣೆಕಟ್ಟಿಗೆ ಜಾಗ ಕೊಟ್ಟೋರನ್ನ ಕೇಳಿ" ಅಂತ ಕೂಗುತ್ತಿದ್ದರು. ಲಿಂಗನಮಕ್ಕಿಯ ನೀರಿನಲ್ಲಿ ಊರು ಮುಳುಗಿಸಿಕೊಂಡು ಬಂದವರು ಅಲ್ಲೇ ಕಾಫಿ ಕುಡಿಯುತ್ತಾ ಕೂತಿರುತ್ತಿದ್ದರು. ಪೇಪರಿನಲ್ಲಿ ಬಂದದ್ದನ್ನು ಅವರ ಮುಖ ನೋಡಿ ಒಪ್ಪಬೇಕಿತ್ತು ಅಥವಾ ಬಿಡಬೇಕಿತ್ತು. ಹಾಲ್ ಹೇಳಿದ ಮೂರೂ ಬಗೆಯವರು ಆ ಮೂರು ಬೆಂಚಿನಲ್ಲೇ ಇದ್ದರು. ಆ ಹೋಟೆಲಿನಲ್ಲಿ ಹೆಂಗಸರು ಕೂರುತ್ತಿರಲಿಲ್ಲ, ಅಪ್ಪನ ಜೊತೆ ಹೋದ ಮಗುವಾದ್ದರಿಂದ ನಾನು ಕೇಳಿಸಿಕೊಂಡೆ. ಈಗ ಅಣ್ಣ ಒಬ್ಬನೇ ಟೀವಿ ಎದುರು ಕೂರುತ್ತಾನೆ. ಎದುರುತ್ತರ ಕೊಡುವ ಭಟ್ಟರು ಪಕ್ಕದಲ್ಲಿಲ್ಲ.

ಇದನ್ನೆಲ್ಲ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಗೆಳತಿಗೆ ಹೇಳಿದೆ. ಮಗಳ ಪ್ರಶ್ನೆಗಳನ್ನು ಕಳಿಸು ಅಂದಳು. ನಾನೂ ಮಗಳೂ ಕೂತು ಕನ್ನಡಕ್ಕೆ ತರುತ್ತಿದ್ದೇವೆ. ಈ ಸುದ್ದಿಯಿಂದ ಯಾರಿಗೆ ಲಾಭ? ಇದರಲ್ಲಿ ಯಾರ ಮಾತು ಇಲ್ಲ? ಇದನ್ನು ಓದಿದ ಮೇಲೆ ನಿನಗೆ ಏನನ್ನಿಸಿತು? ನೀನು ಆಡುವ ಆಟದಲ್ಲಿ ನಿನಗೆ ಸಿಗುವುದು ಏನು, ಅದು ಬೇರೆ ಎಲ್ಲಾದರೂ ಸಿಗುತ್ತಾ? ಶನಿವಾರ ಬೆಳಗಿನ ಕ್ಲಾಸಿನಲ್ಲಿ ಎರಡು ಕನ್ನಡ ಪೇಪರ್ ಹರಡಿ ಮಕ್ಕಳನ್ನು ಕೇಳಿ ನೋಡುತ್ತಾಳಂತೆ. ನಿಮ್ಮಲ್ಲಿ ಮೇಷ್ಟ್ರು, ಟೀಚರ್ ಯಾರಾದರೂ ಇದ್ದರೆ ಹೇಳಿ, ಆ ಪ್ರಶ್ನೆಗಳನ್ನು ನಿಮಗೂ ಕಳಿಸುತ್ತೇನೆ.