ಮಳೆಯಲ್ಲಿ ಬೊಲೊನ್ಯಾ, ಬಿಸಿಲಲ್ಲಿ ಬಳ್ಳಾರಿ

ಇಟಲಿಯ ಬೊಲೊನ್ಯಾ ಊರನ್ನು ಮಳೆ ಬರುವ ದಿನವೇ ನೋಡಬೇಕು. ಅಲ್ಲಿ ರಸ್ತೆಯ ಎರಡೂ ಬದಿಗೆ ಕಟ್ಟಡಗಳ ಅಡಿಯಲ್ಲೇ ಕಂಬಸಾಲು ಇದೆ. ಮೇಲೆ ಮನೆ, ಕೆಳಗೆ ಜನ ನಡೆಯುವ ದಾರಿ. ಅದಕ್ಕೆ ಪೋರ್ಟಿಕೊ ಅನ್ನುತ್ತಾರೆ. ಹಳೇ ಊರು, ಹೊಸ ಬಡಾವಣೆ ಎಲ್ಲ ಸೇರಿಸಿದರೆ 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೊ ಇವುಗಳಲ್ಲಿ ಆಯ್ದ ಕೆಲವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನದು ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಬಟ್ಟೆ ಅಂಗಡಿ. ತಾತನ ಕಾಲದ್ದು. ಅಕ್ಕನ ಮಗ ಮಿಲಾನ್‌ನಲ್ಲಿ ಓದುತ್ತಾನೆ. ಹೋದ ನವೆಂಬರ್‌ನಲ್ಲಿ ಅವನನ್ನು ನೋಡಲು ನಾನು, ನನ್ನ ಹೆಂಡತಿ ಹೋಗಿದ್ದೆವು. ಬೊಲೊನ್ಯಾಗೆ ಹೊರಟ ದಿನ ಬೆಳಗ್ಗೆಯಿಂದಲೇ ಮಳೆ ಹಿಡಿದಿತ್ತು. "ಛತ್ರಿ ಇಲ್ಲೇ ಇರಲಿ ಬಿಡ್ರಿ ಮಾಮ, ಅಲ್ಲಿ ಬಿಚ್ಚೋ ಕೆಲಸಾನೇ ಬೀಳಲ್ಲ" ಅಂದ. ಫಾಸ್ಟ್ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ.

ನಿಲ್ದಾಣದಿಂದ ಸ್ವಲ್ಪ ನಡೆದರೆ ವಿಯಾ ಇಂಡಿಪೆಂಡೆನ್ಸಾ ಅನ್ನುವ ದೊಡ್ಡ ಬೀದಿ. ಕಂಬಸಾಲು ಅಲ್ಲಿಂದಲೇ ಸಿಗುತ್ತದೆ. ಎಡಗಡೆ ಅಂಗಡಿಗಳು, ಬಲಗಡೆ ಕಂಬಗಳು, ಕಂಬದಾಚೆ ಮಳೆ. ಬಟ್ಟೆ ಅಂಗಡಿಯವನಾದ್ದರಿಂದ ನನ್ನ ಕಣ್ಣು ಮೊದಲು ಹೋಗಿದ್ದು ಅಂಗಡಿಗಳ ಮುಂಭಾಗಕ್ಕೆ. ಅಷ್ಟು ಮಳೆಯಲ್ಲೂ ಜನ ನಿಧಾನಕ್ಕೆ ನಡೆಯುತ್ತಿದ್ದರು, ನಿಂತು ಗಾಜಿನೊಳಗಿನ ಕೋಟು, ಬೂಟು ನೋಡುತ್ತಿದ್ದರು. ಒಬ್ಬ ಅಜ್ಜಿ ತರಕಾರಿ ಚೀಲ ಕಂಬಕ್ಕೆ ಒರಗಿಸಿ ಪರಿಚಯದವರ ಜೊತೆ ಮಾತಿಗೆ ನಿಂತಿದ್ದರು. ಕಾಲೇಜು ಹುಡುಗರು ಕಂಬದ ಬುಡದಲ್ಲಿ ಕೂತು ಏನೋ ತಿನ್ನುತ್ತಿದ್ದರು. ನೆಲ ನಮ್ಮ ಹಳೇ ಮನೆಗಳ ಮೊಸಾಯಿಕ್ ನೆಲದ ಹಾಗೆ ನುಣ್ಣಗಿತ್ತು. ಯಾರಿಗೂ ಗಡಿಬಿಡಿ ಇರಲಿಲ್ಲ. ಮಳೆ ಬಂದ ದಿನ ನಮ್ಮ ಅಂಗಡಿಗೆ ಗಿರಾಕಿ ಬರುವುದೇ ಇಲ್ಲ, ಅಲ್ವಾ? ಅದೇ ಯೋಚನೆ ಮಾಡುತ್ತಾ ನಡೆದೆ.

ಇದು ಹೇಗೆ ಶುರುವಾಯಿತು ಅಂತ ಅಳಿಯನನ್ನು ಕೇಳಿದೆ. ಅಲ್ಲಿನ ವಿಶ್ವವಿದ್ಯಾಲಯ ಶುರುವಾಗಿದ್ದು 1088ರಲ್ಲಿ ಅನ್ನುತ್ತಾರೆ. ಓದಲು ಬರುವವರು ಜಾಸ್ತಿಯಾದರು, ಮನೆ ಸಾಲದಾಯಿತು. ಜನ ಮೇಲಿನ ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿದರು. ಚಾಚಿದ ಭಾಗದ ಭಾರ ಹೊರಲು ಕೆಳಗೆ ಮರದ ಕಂಬ ಕೊಟ್ಟರು. ಅಂದರೆ ಮೊದಲಿಗೆ ಅದು ಒತ್ತುವರಿಯೇ. ಬೊಲೊನ್ಯಾದವರು ಅದನ್ನು ಕೆಡವಲಿಲ್ಲ, ಕಾನೂನು ಮಾಡಿದರು. ಹೊಸ ಮನೆ ಕಟ್ಟುವವರು ಕಂಬಸಾಲು ಬಿಟ್ಟೇ ಕಟ್ಟಬೇಕು ಅಂತ 1288ರಲ್ಲಿ ನಿಯಮ ಬಂತು. ಕುದುರೆ ಮೇಲೆ ಕೂತವನೂ ಹಾಯುವಷ್ಟು ಎತ್ತರ ಇರಬೇಕು. ಜಾಗ ಮಾಲೀಕನದು, ಅದನ್ನು ಚೆನ್ನಾಗಿ ಇಟ್ಟುಕೊಳ್ಳುವ ಹೊಣೆಯೂ ಅವನದೇ. ನಡೆಯುವ ಹಕ್ಕು ಮಾತ್ರ ಎಲ್ಲರದು. ಈ ಮಾತು ಕೇಳಿ ನಾನು ಅಲ್ಲೇ ನಿಂತುಬಿಟ್ಟೆ.

ಮರದ ಕಂಬಗಳು ಇನ್ನೂ ಕೆಲವು ಕಡೆ ಉಳಿದಿವೆ. ಸ್ತ್ರಾದಾ ಮಜ್ಜೋರೆ ಬೀದಿಯಲ್ಲಿ ಇಸೊಲಾನಿ ಮನೆಯ ಮುಂದಿನವು 13ನೇ ಶತಮಾನದವು. ಒಂಬತ್ತು ಮೀಟರ್ ಎತ್ತರ, ಓಕ್ ಮರ. ಕೈಯಿಟ್ಟು ನೋಡಿದೆ, ಗಟ್ಟಿಯಾಗಿದ್ದವು.

ಉಳಿದದ್ದನ್ನೂ ನೋಡಿದೆವು. ಅಸಿನೆಲ್ಲಿ ಗೋಪುರದ ತುದಿ ಮೋಡದಲ್ಲಿ ಕಾಣಲೇ ಇಲ್ಲ, 97 ಮೀಟರ್ ಅಂತೆ. ಪಕ್ಕದ ಗರಿಸೆಂಡಾ ವಾಲಿಕೊಂಡಿದೆ, 2023ರಿಂದ ಸುತ್ತ ಬೇಲಿ ಹಾಕಿದ್ದಾರೆ. ಸಾನ್ ಪೆತ್ರೋನಿಯೊ ಚರ್ಚಿನಲ್ಲಿ ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ಗೆರೆ ಇದೆ. ಖಗೋಳ ವಿಜ್ಞಾನಿ ಕಸ್ಸೀನಿ 1655ರಲ್ಲಿ ಹಾಕಿಸಿದ್ದು. ಚಾವಣಿಯ ತೂತಿನಿಂದ ನಡು ಮಧ್ಯಾಹ್ನ ಬಿಸಿಲು ಅದರ ಮೇಲೆ ಬಿದ್ದು ದಿನ ಯಾವುದು ಅಂತ ತೋರಿಸುತ್ತದೆ. ಅವತ್ತು ಬಿಸಿಲಿರಲಿಲ್ಲ, ಗೆರೆ ಮಾತ್ರ ನೋಡಿದೆವು. ಊಟಕ್ಕೆ ರಿಕೋಟಾ ಅನ್ನುವ ಮೆತ್ತನೆ ಚೀಸ್ ತುಂಬಿದ ತೊರ್ತೆಲ್ಲೋನಿ ಸಿಕ್ಕಿತು, ನಮ್ಮ ಕಡುಬಿನ ಥರದ್ದು, ಮಾಂಸ ಇಲ್ಲದ್ದು. ಹೆಂಡತಿ ಅದರ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡಳು. ಚೆನ್ನಾಗಿ ಹೊಂದಿತು.

ಮಧ್ಯಾಹ್ನದ ಮೇಲೆ ಸಾನ್ ಲೂಕಾ ಗುಡ್ಡ ಹತ್ತಿದೆವು. ಊರಿನ ಸರಗೋಜಾ ಬಾಗಿಲಿನಿಂದ ಗುಡ್ಡದ ಮೇಲಿನ, ಯೇಸುವಿನ ತಾಯಿ ಮರಿಯಮ್ಮನ ಗುಡಿ ತನಕ ಒಂದೇ ಕಂಬಸಾಲು, ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್, 666 ಕಮಾನು. 1674ರಲ್ಲಿ ಕೆಲಸ ಶುರುವಾಯಿತು. ಯಾತ್ರಿಕರು ನೆನೆಯದೆ ಹೋಗಲಿ ಅಂತ ಕಟ್ಟಿದ್ದು. 1433ರಲ್ಲಿ ಮಳೆ ನಿಲ್ಲದೆ ಬೆಳೆ ಹಾಳಾಗುವ ಹೊತ್ತಿಗೆ ಆ ತಾಯಿಯ ಪಟವನ್ನು ಮೆರವಣಿಗೆಯಲ್ಲಿ ಕೆಳಗೆ ತಂದರಂತೆ, ಮಳೆ ನಿಂತಿತಂತೆ. ನಮ್ಮ ಕಡೆ ಮಳೆ ಬರಲಿ ಅಂತ ಗುರ್ಜಿ ಹೊರುತ್ತಾರೆ, ಅಲ್ಲಿ ಸಾಕು ಅಂತ ಬೇಡಿಕೊಂಡಿದ್ದಾರೆ. ಕಮಾನು ಕಟ್ಟಿಸಲು ಹಣ ಕೊಟ್ಟ ಮನೆತನಗಳ, ಕಸುಬುದಾರರ ಸಂಘಗಳ ಹೆಸರು ಗೋಡೆಯ ಕಲ್ಲುಗಳ ಮೇಲೆ ಇವೆ. ನಮ್ಮ ದುರ್ಗಮ್ಮನ ಗುಡಿಗೆ ಬರುವವರು ಬಿಸಿಲಿನಲ್ಲಿ ಸಾಲು ನಿಲ್ಲುವುದು ನೆನಪಾಯಿತು.

ಬೊಲೊನ್ಯಾದವನೇ ಒಬ್ಬ ನಮ್ಮ ಕಡೆ ಬಂದಿದ್ದ, ಲೊದೊವಿಕೊ ವರ್ತೆಮಾ. 1510ರಲ್ಲಿ ಅಚ್ಚಾದ ಅವನ ಪ್ರವಾಸಕಥೆಯಲ್ಲಿ ವಿಜಯನಗರಕ್ಕೆ ಮೂರು ಸುತ್ತಿನ ಕೋಟೆ ಇದೆ, ಅದು ದೊಡ್ಡ ವ್ಯಾಪಾರದ ಊರು ಅಂತ ಬರೆದಿದ್ದಾನೆ. ಹಂಪಿಯ ವಿರೂಪಾಕ್ಷ ಬಜಾರಿನ ಕಂಬಸಾಲನ್ನು ನೀವೂ ನೋಡಿದ್ದೀರಿ. ಗುಡಿಯ ಮುಂದೆ ಮುಕ್ಕಾಲು ಕಿಲೋಮೀಟರ್ ಉದ್ದಕ್ಕೂ ಎರಡೂ ಬದಿಗೆ ಕಲ್ಲಿನ ಮಂಟಪಗಳು. 2021ರ ತನಕ ಅದು ನಮ್ಮ ಜಿಲ್ಲೆಯಲ್ಲೇ ಇತ್ತು. ನೆರಳು ಕೊಟ್ಟು ವ್ಯಾಪಾರ ಮಾಡುವುದು ನಮಗೇನೂ ಹೊಸದಲ್ಲ.

ಬಳ್ಳಾರಿಯಲ್ಲಿ ಮಳೆಗಿಂತ ಬಿಸಿಲಿನದೇ ಕಾಟ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಹನ್ನೊಂದರ ಮೇಲೆ ಬೀದಿ ಖಾಲಿ, ಸಂಜೆ ಐದರ ತನಕ ಅಂಗಡಿಯಲ್ಲಿ ಸುಮ್ನೆ ಕೂರಬೇಕು. ನಮ್ಮ ಅಂಗಡಿಗೂ ಮೊದಲು ಜಗಲಿ ಇತ್ತು, ಮೇಲೆ ಮರದ ಕಂಬದ ಚಾವಣಿ ಇತ್ತು. ರಸ್ತೆ ಅಗಲವಾದಾಗ ಹೋಯಿತು. ಈಗ ಎಲ್ಲರೂ ತಗಡು, ಟಾರ್ಪಾಲು ಕಟ್ಟಿಕೊಂಡಿದ್ದೇವೆ. ಒಬ್ಬರದು ಎತ್ತರ, ಒಬ್ಬರದು ತಗ್ಗು, ನಡುವೆ ಬಿಸಿಲು. ಮಕ್ಕಳನ್ನು ಎತ್ತಿಕೊಂಡ ಹೆಂಗಸರು ಒಂದು ನೆರಳಿನಿಂದ ಇನ್ನೊಂದಕ್ಕೆ ಓಡುವುದನ್ನು ದಿನಾ ನೋಡುತ್ತೇನೆ. ಸಂಕಟವಾಗುತ್ತದೆ.

ಈ ವರ್ಷ ಅಂಗಡಿಯನ್ನು ಕೆಡವಿ ಕಟ್ಟಿಸುತ್ತಿದ್ದೇವೆ. ಕೆಳಗಿನ ಗೋಡೆಯನ್ನು ಆರು ಅಡಿ ಹಿಂದಕ್ಕೆ ತೆಗೆದುಕೊಂಡು ಮುಂದೆ ಕಂಬ ಕೊಡಿ, ಮೇಲಿನ ಮಹಡಿ ಪೂರ್ತಿ ಇರಲಿ ಅಂತ ಮೇಸ್ತ್ರಿಗೆ ಹೇಳಿದ್ದೇನೆ. "ಮುಂದಿನ ಜಾಗಾನೇ ಅಲ್ವೇನೋ ದುಡಿಯೋದು?" ಅಂತ ಅಣ್ಣ ಕೇಳಿದ. ಬೊಲೊನ್ಯಾದ ಫೋಟೊ ತೋರಿಸಿದೆ. ತುಂಬ ಹೊತ್ತು ನೋಡಿ, ನಲ್ಲಿ ಎಲ್ಲಿ ಬರುತ್ತೆ, ಬೆಂಚು ಹಾಕಿಸೋಣವಾ ಅಂತ ಅವನೇ ಶುರುಮಾಡಿದ. ಒಂದೇ ಅಂಗಡಿ ಮಾಡಿದರೆ ಅರ್ಧ ಕೆಲಸ, ಸಾಲಾಗಿ ಇದ್ದರೇ ಚೆಂದ. ಅಕ್ಕಪಕ್ಕದವರನ್ನೂ ಕೇಳಿದ್ದೇನೆ. ಸ್ಟೀಲ್ ಪಾತ್ರೆ ಅಂಗಡಿಯವರು ಒಪ್ಪಿದ್ದಾರೆ. ಚಪ್ಪಲಿ ಅಂಗಡಿಯವರು ದೀಪಾವಳಿ ಆದಮೇಲೆ ಹೇಳ್ತೀನಿ ಅಂದಿದ್ದಾರೆ.