ಹೊಯಿಗೆಯಡಿಯ ಭೀಮ

ಮಂಗಳೂರು, 14 ಡಿಸೆಂಬರ್ 2025, ಆದಿತ್ಯವಾರ

ಬೆಳಿಗ್ಗೆ ಕಾಸರಗೋಡಿನ ಅಡೂರಿನಿಂದ ಮಾವ ಬಂದರು. ಚಾ ಕುಡಿಯುತ್ತಾ ಆಮೆಯ ವಿಷಯ ತೆಗೆದರು. ಇಡೀ ದಿನ ಅದೇ ತಲೆಯಲ್ಲಿ ಉಂಟು.

ಅವರ ನೆರೆಮನೆಯವರು ಪಯಸ್ವಿನಿ ಹೊಳೆಯಲ್ಲಿ ರಾತ್ರಿ ಗಾಳ ಕಟ್ಟಿ ಬಂದಿದ್ದರಂತೆ. ಬೆಳಿಗ್ಗೆ ಎಳೆದರೆ ಬರುವುದಿಲ್ಲ. ಮರದ ಬೇರಿಗೆ ಸಿಕ್ಕಿಕೊಂಡಿದೆ ಅಂದುಕೊಂಡು ಅವರೂ ಮಾವನೂ ಸೇರಿ ಎಳೆದರೆ ಆಮೆ! ಮಾವ ಎರಡೂ ಕೈ ಅಗಲಿಸಿ ತೋರಿಸಿದರು. "ಬೆನ್ನು ಗಟ್ಟಿ ಇಲ್ಲ, ಒದ್ದೆ ಚರ್ಮದ ಹಾಗೆ. ಮುಖ ಕಪ್ಪೆಯದ್ದೇ. ಕಣ್ಣು ಎರಡೂ ಮೂಗಿನ ತುದಿಯ ಹತ್ತಿರ. ಪಾಪ, ಬದುಕಿಕೊಳ್ಳಲಿ ಅಂತ ದಾರ ಕತ್ತರಿಸಿ ಬಿಟ್ಟೆವು."

"ಗಾಳ ತೆಗೆದಿರಾ ಮಾವ?"

"ಅದು ಒಳಗೇ ಹೋಯಿತು."

ನನಗೆ ಹೊಟ್ಟೆ ಚುರುಕ್ ಅಂದಿತು. ಗಂಟಲಲ್ಲಿ ಕಬ್ಬಿಣ ಇಟ್ಟುಕೊಂಡು ಅದು ಹೇಗೆ ಮೀನು ನುಂಗೀತು? ಆದರೆ ಮಾವನ ಮೇಲೆ ಸಿಟ್ಟು ಬರಲಿಲ್ಲ. ಅದನ್ನು ಕೊಂದು ಸಾರು ಮಾಡದೆ ಬಿಟ್ಟಿದ್ದಾರೆ, ಅದು ದೊಡ್ಡದಲ್ವಾ?

ಇದು ಕ್ಯಾಂಟರ್‌ನ ದೈತ್ಯ ಮೆದುಚಿಪ್ಪಿನ ಆಮೆ, ಕಾಸರಗೋಡಿನ ಕಡೆ ಮಲಯಾಳದಲ್ಲಿ ಇದಕ್ಕೆ ಭೀಮನಾಮ ಎನ್ನುತ್ತಾರೆ. ಭೀಮನೇ ಸರಿ, ಒಂದು ಮೀಟರ್‌ಗಿಂತಲೂ ಉದ್ದ ಬೆಳೆಯುತ್ತದೆ. ಆದರೂ ಕಣ್ಣಿಗೆ ಬೀಳುವುದಿಲ್ಲ. ದಿನದ ಹೆಚ್ಚು ಹೊತ್ತು ನೀರಿನಡಿಯ ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ಹೂತುಕೊಂಡೇ ಇರುತ್ತದೆ, ಉಸಿರಾಡಲು ಮಾತ್ರ ಮೇಲೆ ಬರುತ್ತದೆ. ಪಯಸ್ವಿನಿ ಮುಂದೆ ಚಂದ್ರಗಿರಿಯಾಗುತ್ತದಲ್ಲ, ಅಲ್ಲಿ ಆಯುಷಿ ಜೈನ್ ಎಂಬ ಸಂಶೋಧಕಿ ಇದನ್ನು ಹುಡುಕಿದ್ದು ಊರಿನವರನ್ನು ಕೇಳಿಯೇ. ಮುಳುಗಿದ ಗೂಡುಗಳಿಂದ ಮೊಟ್ಟೆ ಎತ್ತಿ, ಮರಿ ಮಾಡಿಸಿ ಹೊಳೆಗೆ ಬಿಟ್ಟದ್ದೂ ಊರಿನವರ ಜೊತೆ ಸೇರಿಯೇ. 2024ರಲ್ಲಿ ಆ ಕೆಲಸ ಓರಿಕ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. "ನಮ್ಮವರನ್ನೇ ಕೇಳಿದರಾ?" ಅಂತ ಮಾವನಿಗೆ ಭಾರಿ ಖುಷಿ.

ಮೊಟ್ಟೆ ಮುಳುಗುವ ಮಾತು ಬಂದಾಗ ಮಾತ್ರ ಸುಮ್ಮನಾದರು. ನೀರು ಇಳಿದಾಗ ಹೊಯಿಗೆ ದಿಣ್ಣೆ ಏಳುತ್ತದೆ. ಆಮೆ ಮೊಟ್ಟೆ ಇಡುವುದು ಅಂಥ ಕಡೆಯೇ. ತೋಟಕ್ಕೆ ನೀರು ನಿಲ್ಲಿಸಲು ಕಿಂಡಿ ಅಣೆಕಟ್ಟಿನ ಕಿಂಡಿಗಳಿಗೆ ಹಲಗೆ ಹಾಕಿದರೆ ನೀರು ಏರಿ ದಿಣ್ಣೆ ಮುಳುಗುತ್ತದೆ. ಹೊಯಿಗೆ ತೆಗೆಯುವವರು ಬಂದರಂತೂ ದಿಣ್ಣೆಯೇ ಇರುವುದಿಲ್ಲ. ಹೊಯಿಗೆ ತೆಗೆಯುವುದನ್ನು ನಿಲ್ಲಿಸಿ ಅಂತ ಧೈರ್ಯವಾಗಿ ಹೇಳುತ್ತೇನೆ. ಹಲಗೆ ಹಾಕಬೇಡಿ ಅಂತ ಅಡಿಕೆ ತೋಟದವರಿಗೆ ಹೇಗೆ ಹೇಳಲಿ? ನಾನು ಕುಡಿಯುವ ನೀರೂ ತುಂಬೆಯ ಕಿಂಡಿ ಅಣೆಕಟ್ಟಿನದ್ದೇ. ಹಲಗೆ ಹಾಕುವ ಮೊದಲು ಒಮ್ಮೆ ದಿಣ್ಣೆ ನೋಡಿ ಬರಬಹುದಲ್ಲ, ಅಷ್ಟನ್ನು ಕೇಳಿದೆ.

ಇನ್ನೊಂದು ಸಲ ಗಾಳಕ್ಕೆ ಸಿಕ್ಕಿದರೆ ದಾರ ಕತ್ತರಿಸಬೇಡಿ, ಒದ್ದೆ ಗೋಣಿ ಹೊದಿಸಿ ನೆರಳಲ್ಲಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ, ಗಾಳವನ್ನು ಪಶುವೈದ್ಯರೇ ತೆಗೆಯಲಿ ಎಂದೆ. "ಕೇಸ್ ಹಾಕಿದರೆ?" ಎಂದರು. ಆ ಹೆದರಿಕೆಯಿಂದಲೇ ಎಷ್ಟು ಆಮೆಗಳು ಗಾಳ ನುಂಗಿಕೊಂಡೇ ಹೋಗಿವೆಯೋ.

ಸಂಜೆ ಬಸ್ಸಿಗೆ ಹೊರಡುವ ಮೊದಲು ಮಾವ ಜಗಲಿಯಲ್ಲಿ ನಿಂತು ನೆರೆಮನೆಗೆ ಫೋನ್ ಮಾಡಿದರು. "ಆ ಆಮೆ ಮತ್ತೆ ಕಂಡಿತಾ?" ಅಂತ ಕೇಳಿದರು. ಕಂಡಿಲ್ಲವಂತೆ.