ತಿಳಿಹಸಿರು ಗೋಡೆಗೊಂದು ವಾರ್ಲಿ ಚಿತ್ರ

ಮುಂಬಯಿ ಬಳಿಯ ಡೊಂಬಿವಿಲಿಯ ನಮ್ಮ ಮನೆಯ ಹಾಲ್‌ಗೆ ತಿಳಿಹಸಿರು ಬಣ್ಣ ಬಳಿಸಿದ ಮೇಲೆ, ಸೋಫಾದ ಹಿಂದಿನ ಗೋಡೆಗೆ ಯಾವ ಚಿತ್ರ ಒಪ್ಪುತ್ತದೆಂದು ಬಹಳ ದಿನ ಯೋಚಿಸಿದೆ. ಮೊದಲು ತೂಗುಹಾಕಿದ ಕಾಡಿನ ಚಿತ್ರ ಗೋಡೆಯ ಹಸಿರಿನಲ್ಲೇ ಕರಗಿಹೋಯಿತು. ಬಣ್ಣದ ಚಕ್ರದಲ್ಲಿ ಹಸಿರಿಗೆ ಎದುರಾಗಿರುವುದು ಕೆಂಪು. ಆದರೆ ಅಚ್ಚಗೆಂಪು ಕಣ್ಣಿಗೆ ಹೊಡೆಯುತ್ತದೆ, ಕಾವಿಯ ಕೆಂಪಾದರೆ ಹಿತವಾಗಿ ಹೊಂದುತ್ತದೆ. ಹಾಗಾಗಿ, ಮಹಾರಾಷ್ಟ್ರದ ಪಾಲ್ಘರ್ ಕಡೆಯ ವಾರ್ಲಿ ಆದಿವಾಸಿಗಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಬರೆಯುವ ವಾರ್ಲಿ ಶೈಲಿಯ, ತಾರ್ಪಾ ಎಂಬ ವಾದ್ಯ ಊದುವವನ ಸುತ್ತ ಸುರುಳಿಯಾಗಿ ಕುಣಿಯುವವರ ಚಿತ್ರವೊಂದನ್ನು ಆರಿಸಿದೆ. ಊರಿನ ಜಗಲಿಯ ಕೆಮ್ಮಣ್ಣು, ರಂಗೋಲಿಗಳನ್ನು ಅದು ನೆನಪಿಸುವುದೂ ನನಗೆ ದೊಡ್ಡ ಕಾರಣವೇ. ಚಿತ್ರದ ಅಗಲ ಸೋಫಾದ ಅಗಲದ ಮೂರರಲ್ಲಿ ಎರಡು ಪಾಲು. ಚಿತ್ರದ ನಡು ನೆಲದಿಂದ ಸುಮಾರು 57 ಇಂಚು ಎತ್ತರ. ಸಂಜೆಯ ಹಳದಿ ದೀಪದಲ್ಲಿ ಆ ಕಾವಿ ಇನ್ನಷ್ಟು ಬೆಚ್ಚಗೆ ಕಾಣುತ್ತದೆ.